ವ್ಯಾಪಾರಿಯ ಮನೆ ಎಲ್ಲಿರಬೇಕು? ಪಶ್ಚಿಮ ಬೆಂಗಳೂರಿನಲ್ಲಿ ಕುಟುಂಬಕ್ಕೊಪ್ಪುವ ಬಡಾವಣೆಯ ಆಯ್ಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ, ಮನೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ವರ್ತಕರನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ವ್ಯವಸ್ಥೆಯೇ ರೂಢಿಯಾಗಿತ್ತು. ಇಂದು ಅಂಗಡಿ ಒಂದು ಕಡೆ, ಗೋದಾಮು ಇನ್ನೊಂದು ಕಡೆ, ಕಾರ್ಖಾನೆ ಮತ್ತೊಂದು ಕಡೆ ಇರುವ ಉದ್ಯಮಿಗೆ ಮನೆಯ ಜಾಗದ ಆಯ್ಕೆಯು ಯಂತ್ರದ ಖರೀದಿಗಿಂತಲೂ ಕಠಿಣವಾದ ನಿರ್ಧಾರವಾಗಿದೆ. ಒಪ್ಪದ ಯಂತ್ರವನ್ನು ಮಾರಬಹುದು. ತಪ್ಪು ಬಡಾವಣೆಯಲ್ಲಿ ಕೊಂಡ ಮನೆ ಮಾತ್ರ ಇಡೀ ಕುಟುಂಬದ ಹತ್ತಾರು ವರ್ಷಗಳ ದಿನಚರಿಯನ್ನೇ ನಿಯಂತ್ರಿಸುತ್ತದೆ.

ನಮ್ಮ ಓದುಗರಲ್ಲಿ ಅನೇಕರು ರಾಜಾಜಿನಗರ, ಪೀಣ್ಯ, ಕಾಮಾಕ್ಷಿಪಾಳ್ಯ, ಕುಂಬಳಗೋಡು ಮುಂತಾದೆಡೆ ಉದ್ಯಮ ನಡೆಸುವವರು. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಮತ್ತು ಕೆಂಗೇರಿ ಎಂಬ ನಾಲ್ಕು ವಸತಿ ಪ್ರದೇಶಗಳನ್ನು ಮುಂದಿಟ್ಟುಕೊಂಡು, ಈ ಆಯ್ಕೆಯನ್ನು ಹೇಗೆ ಮಾಡಬೇಕೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೈಗಾರಿಕೆಯೊಡನೆ ಹುಟ್ಟಿದ ಬಡಾವಣೆಗಳು

ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು 1945ರಲ್ಲಿ ಸ್ಥಾಪನೆಯಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅದರ ಸ್ಥಾನಕ್ಕೆ ಬಂದಿತು. ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರಕ್ಕೆ 1949ರಲ್ಲಿ ಅಡಿಗಲ್ಲು ಬಿದ್ದಾಗ ಅದನ್ನು ಕಲ್ಪಿಸಿಕೊಂಡದ್ದೇ ಕೈಗಾರಿಕಾ ಉಪನಗರವಾಗಿ. ದುಡಿಯುವವನು ನಡೆದೇ ಕಾರ್ಖಾನೆ ಸೇರಬೇಕು, ಸಂಜೆ ಮಕ್ಕಳೊಡನೆ ಇರಬೇಕು ಎಂಬುದು ಅದರ ಹಿಂದಿನ ಎಣಿಕೆ. ‘ಇಂಡಸ್ಟ್ರಿಯಲ್ ಟೌನ್’ ಎಂಬ ಹೆಸರು ಅಲ್ಲಿನ ವಿಳಾಸಗಳಲ್ಲಿ ಇಂದಿಗೂ ಉಳಿದಿದೆ. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆಯು 1957ರಲ್ಲಿ ಸಮೀಪಕ್ಕೆ ಬಂದುದೂ, ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆ ರಾಜಾಜಿನಗರದಲ್ಲಿಯೇ ನೆಲೆಗೊಂಡುದೂ ಈ ಹಿನ್ನೆಲೆಗೆ ಒಪ್ಪುವಂತಹವೇ.

ಮುಂದಿನ ದಶಕಗಳಲ್ಲಿ ಈ ಎಣಿಕೆ ಸಡಿಲವಾಯಿತು. ಜಾಗ ಸಾಲದಾದಾಗ ಘಟಕಗಳು ತುಮಕೂರು ರಸ್ತೆಯ ಪೀಣ್ಯಕ್ಕೂ, ಅಲ್ಲಿಂದಾಚೆಗೂ ಸಾಗಿದವು. 1999ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಮೈಸೂರು ರಸ್ತೆಯ ಕುಂಬಳಗೋಡು, ಬಿಡದಿಗಳ ಕಡೆಗೆ ಬಿಡಿಭಾಗ ತಯಾರಕರ ಗಮನ ಹರಿಯಿತು. ಉದ್ಯಮ ಹೊರಕ್ಕೆ ನಡೆಯಿತು. ಮನೆ, ಶಾಲೆ, ಬಂಧುಬಳಗ ಹಳೆಯ ಬಡಾವಣೆಯಲ್ಲಿಯೇ ಉಳಿದವು. ಇಂದು ಸಣ್ಣ ಕೈಗಾರಿಕೋದ್ಯಮಿಯನ್ನು ಕಾಡುವ ಪ್ರಶ್ನೆಯ ಬೇರು ಇಲ್ಲಿದೆ: ಮನೆಯನ್ನು ಉದ್ಯಮದ ಬೆನ್ನಿಗೆ ಒಯ್ಯಬೇಕೆ, ಇಲ್ಲವೆ ಇದ್ದಲ್ಲಿಯೇ ಉಳಿಸಿಕೊಂಡು ತಾನು ಓಡಾಡಬೇಕೆ?

ಯಾರ ಪ್ರಯಾಣವನ್ನು ಎಣಿಸಬೇಕು?

ಸಾಮಾನ್ಯವಾಗಿ ಯಜಮಾನನು ತನ್ನ ಪ್ರಯಾಣವೊಂದನ್ನೇ ಲೆಕ್ಕ ಹಾಕುತ್ತಾನೆ. ಇದು ಜಮಾ ಪುಟವನ್ನು ಮಾತ್ರ ಬರೆದು ಖರ್ಚಿನ ಪುಟವನ್ನು ಖಾಲಿ ಬಿಟ್ಟಂತೆ. ಒಂದು ಕಾಲ್ಪನಿಕ ಕುಟುಂಬವನ್ನು ತೆಗೆದುಕೊಳ್ಳೋಣ. ಯಜಮಾನರ ಘಟಕ ಕುಂಬಳಗೋಡಿನಲ್ಲಿದೆ, ಮನೆ ಬಸವೇಶ್ವರನಗರದಲ್ಲಿ. ಇಬ್ಬರು ಮಕ್ಕಳು ಮನೆಯ ಹತ್ತಿರದ ಶಾಲೆಯಲ್ಲಿ ಓದುತ್ತಿದ್ದಾರೆ. ವಯಸ್ಸಾದ ತಾಯಿಯವರಿಗೆ ವಾರಕ್ಕೊಮ್ಮೆ ರಾಜಾಜಿನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆ. ಘಟಕಕ್ಕೆ ಹತ್ತಿರವೆಂದು ಕೆಂಗೇರಿಗೆ ಮನೆ ಬದಲಿಸಿದರೆ ಯಜಮಾನರಿಗೆ ಹೋಗುವಾಗ 35 ನಿಮಿಷ, ಬರುವಾಗ 35 ನಿಮಿಷ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 300 ಕೆಲಸದ ದಿನಗಳಿಗೆ ಇದು 350 ಗಂಟೆಗಳ ಉಳಿತಾಯ. ಮೇಲ್ನೋಟಕ್ಕೆ ಲಾಭವೇ ಸರಿ.

ಈಗ ಇನ್ನೊಂದು ಪುಟವನ್ನು ನೋಡಬೇಕು. ಶಾಲೆ ಬದಲಾಗದಿದ್ದರೆ ಪ್ರತಿಯೊಂದು ಮಗುವಿಗೂ ಹೋಗಿ ಬರಲು ತಲಾ 40 ನಿಮಿಷ ಹೆಚ್ಚಾದರೆ ದಿನಕ್ಕೆ ಇಬ್ಬರಿಂದ 160 ನಿಮಿಷ. ಶಾಲೆ ನಡೆಯುವ 220 ದಿನಗಳಿಗೆ ಇದು ಸುಮಾರು 587 ಗಂಟೆ. ತಾಯಿಯವರ ಆಸ್ಪತ್ರೆಯ ಓಡಾಟಕ್ಕೆ ವಾರಕ್ಕೆ 2 ಗಂಟೆ ಹೆಚ್ಚಾದರೆ ವರ್ಷಕ್ಕೆ 104 ಗಂಟೆ. ಅವರನ್ನು ಕರೆದೊಯ್ಯುವವರ ಸಮಯ ಬೇರೆ. 350 ಗಂಟೆ ಉಳಿಸಲು ಹೊರಟ ಕುಟುಂಬವು 691 ಗಂಟೆಗಳನ್ನು ತೆತ್ತಂತಾಯಿತು. ಅದನ್ನು ತೆರುವವರಾದರೋ ಬೆಳಗಿನ ನಿದ್ದೆಯನ್ನೂ ಸಂಜೆಯ ಆಟವನ್ನೂ ಕಳೆದುಕೊಳ್ಳುವ ಮಕ್ಕಳು.

ಇದೇ ಕುಟುಂಬದಲ್ಲಿ ಹತ್ತು ವರ್ಷಗಳ ನಂತರ ಲೆಕ್ಕ ತಿರುಗಬಹುದು. ಮಗಳು ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿಗೋ, ಮಗ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಕ್ಕೋ ಸೇರಿದರೆ ಕೆಂಗೇರಿಯೇ ಎಲ್ಲರಿಗೂ ಹತ್ತಿರವಾಗುತ್ತದೆ. ಆದ್ದರಿಂದ ‘ಯಾವ ಬಡಾವಣೆ ಒಳ್ಳೆಯದು’ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಕುಟುಂಬ ಈಗ ಯಾವ ಘಟ್ಟದಲ್ಲಿದೆ, ಮುಂದಿನ ಏಳೆಂಟು ವರ್ಷ ಯಾರು ಎಲ್ಲಿಗೆ ಹೋಗಬೇಕಾಗಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಇಲ್ಲಿ ಒಂದು ಸೂತ್ರವನ್ನು ಹೇಳಬಹುದು. ಸ್ವಂತ ವಾಹನವನ್ನು ನಡೆಸಲಾರದ, ಹೊರಡುವ ಹೊತ್ತನ್ನು ತಾನೇ ನಿರ್ಧರಿಸಲಾಗದ ಸದಸ್ಯರಿಗೆ ಮನೆ ಹತ್ತಿರವಿರಬೇಕು. ಯಜಮಾನನು ಒಂಬತ್ತಕ್ಕೆ ಬದಲು ಏಳೂವರೆಗೆ ಹೊರಟು ದಟ್ಟಣೆಯನ್ನು ತಪ್ಪಿಸಿಕೊಳ್ಳಬಹುದು. ಮೇಲಾಗಿ, ಬೆಳಿಗ್ಗೆ ವಾಹನಗಳ ಪ್ರವಾಹ ನಗರದ ಒಳಕ್ಕೆ ಹರಿಯುವಾಗ ಪೀಣ್ಯ, ಕುಂಬಳಗೋಡು, ಬಿಡದಿಗಳ ಕಡೆಗೆ ಹೊರಟವನು ಪ್ರವಾಹಕ್ಕೆ ಎದುರಾಗಿ ಸಾಗುವುದರಿಂದ ಅವನಿಗೆ ತೊಂದರೆ ಕಡಿಮೆ. ಶಾಲೆಯ ಗಂಟೆಯನ್ನು ಮಗುವಾಗಲಿ, ವೈದ್ಯರ ಹೊತ್ತನ್ನು ವೃದ್ಧರಾಗಲಿ ಬದಲಿಸಲಾರರು. ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳೂ ಒಂದರಿಂದ ಐದನೆಯ ತರಗತಿಯವರೆಗೆ 1 ಕಿ.ಮೀ., ಆರರಿಂದ ಎಂಟರವರೆಗೆ 3 ಕಿ.ಮೀ. ನಡಿಗೆಯ ದೂರವನ್ನೇ ನೆರೆಹೊರೆಯ ಶಾಲೆಯ ಅಳತೆಯಾಗಿ ಇಟ್ಟುಕೊಂಡಿವೆ. ಮನೆ ಹುಡುಕುವವರಿಗೂ ಇದು ಉತ್ತಮ ಅಳತೆಗೋಲು.

ನಾಲ್ಕು ಬಡಾವಣೆಗಳ ತುಲನೆ

ರಾಜಾಜಿನಗರ: ಶಾಲೆ, ಕಾಲೇಜು, ಆಸ್ಪತ್ರೆ, ದಿನಸಿ, ದೇವಸ್ಥಾನ, ಎಲ್ಲವೂ ನಡಿಗೆಯಲ್ಲಿ ಸಿಗುವ ಹಳೆಯ ಬಡಾವಣೆ. ಮೆಟ್ರೋ ಹಸಿರು ಮಾರ್ಗದ ಸಂಪಿಗೆ ರಸ್ತೆ–ಪೀಣ್ಯ ಇಂಡಸ್ಟ್ರಿ ಭಾಗವು 2014ರ ಮಾರ್ಚ್‌ನಲ್ಲಿ ಆರಂಭವಾದಂದಿನಿಂದ ಪೀಣ್ಯದ ಉದ್ಯಮಿಗಳಿಗೆ ಇದು ವಿಶೇಷವಾಗಿ ಅನುಕೂಲ. ರಾಜಾಜಿನಗರ ನಿಲ್ದಾಣದಿಂದ ಪೀಣ್ಯ ಇಂಡಸ್ಟ್ರಿಯು ಆರನೆಯ ನಿಲ್ದಾಣ. ನಡುವೆ ಗಾಡಿ ಬದಲಿಸಬೇಕಾಗಿಲ್ಲ. 2024ರ ನವೆಂಬರ್‌ನಲ್ಲಿ ಮಾರ್ಗವು ಮಾದಾವರದವರೆಗೆ ಮುಂದುವರಿದು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನೂ ತಲುಪಿದೆ. ಆದರೆ ಎಲ್ಲ ಬ್ಲಾಕುಗಳಿಗೂ ನಿಲ್ದಾಣ ಸಮದೂರದಲ್ಲಿಲ್ಲ. ಕೆಲವು ಭಾಗದವರಿಗೆ ನೇರಳೆ ಮಾರ್ಗದ ಮಾಗಡಿ ರಸ್ತೆ ಅಥವಾ ಹೊಸಹಳ್ಳಿ ನಿಲ್ದಾಣವೇ ಸಮೀಪ. ಬೆಲೆ ದುಬಾರಿ, ಹಳೆಯ ಮನೆಗಳಲ್ಲಿ ವಾಹನ ನಿಲುಗಡೆಗೆ ಜಾಗ ಸಾಲದು. ಮನೆಯ ಪಕ್ಕದಲ್ಲಿಯೇ ಲೇತು, ಪ್ರೆಸ್ಸುಗಳ ಸದ್ದು ಇರುವ ಬೀದಿಗಳೂ ಉಂಟು.

ಬಸವೇಶ್ವರನಗರ: ಹಾವನೂರು ವೃತ್ತ, ಸಿದ್ದಯ್ಯ ಪುರಾಣಿಕ ರಸ್ತೆ, ಕೆ.ಎಚ್.ಬಿ. ಕಾಲೋನಿಗಳ ಸುತ್ತಲಿನ ಶಾಂತ ವಸತಿ ಪ್ರದೇಶ. ಮಕ್ಕಳಿರುವ ಕುಟುಂಬಗಳಿಗೆ ಪ್ರಿಯವಾದದ್ದು. ಇದರ ಕೊರತೆಯೆಂದರೆ ಬಡಾವಣೆಯ ಒಳಗೆ ಮೆಟ್ರೋ ನಿಲ್ದಾಣವಿಲ್ಲದಿರುವುದು. ಪೂರ್ವಕ್ಕೆ ಹಸಿರು ಮಾರ್ಗ, ದಕ್ಷಿಣಕ್ಕೆ ನೇರಳೆ ಮಾರ್ಗ. ಎರಡಕ್ಕೂ ಬಸ್ಸು ಅಥವಾ ಆಟೋ ಹಿಡಿಯಬೇಕು. ತುಮಕೂರು ರಸ್ತೆಯಲ್ಲಿರುವ ‘ಮಂಜುನಾಥನಗರ’ ಮೆಟ್ರೋ ನಿಲ್ದಾಣಕ್ಕೂ ಬಸವೇಶ್ವರನಗರದ ಪಕ್ಕದ ಮಂಜುನಾಥನಗರಕ್ಕೂ ಸಂಬಂಧವಿಲ್ಲ. ‘ಮೆಟ್ರೋ ಹತ್ತಿರ’ ಎಂಬ ಜಾಹೀರಾತನ್ನು ಓದುವಾಗ ಇದು ನೆನಪಿರಲಿ. ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್ 16ರಂದು ಒಪ್ಪಿಗೆ ನೀಡಿದ 44.65 ಕಿ.ಮೀ. ಉದ್ದದ ಮೂರನೆಯ ಹಂತದಲ್ಲಿ ಜೆ.ಪಿ. ನಗರ–ಕೆಂಪಾಪುರ ಮತ್ತು ಹೊಸಹಳ್ಳಿ–ಕಡಬಗೆರೆ ಎಂಬ ಎರಡು ಮಾರ್ಗಗಳಿವೆ. ಎರಡನೆಯದು ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿಗಳ ಮೂಲಕ ಸಾಗುತ್ತದೆ. ಈ ಮಾರ್ಗಗಳು ಮುಗಿದ ಮೇಲೆ ಇಲ್ಲಿನ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಅಲ್ಲಿಯವರೆಗೆ ಕಾಮಗಾರಿಯ ಅಡಚಣೆಯನ್ನೂ ಸಹಿಸಬೇಕಾಗುತ್ತದೆ. ಮುಂದೆ ಬರುವ ಮೆಟ್ರೋಗೆ ಇಂದೇ ಬೆಲೆ ತೆರುವುದು ಜಾಣತನವಲ್ಲ.

ವಿಜಯನಗರ: ಪೇಟೆಯಲ್ಲಿ ಅಂಗಡಿ ಇರುವ ವರ್ತಕರಿಗೆ ನಾಲ್ಕರಲ್ಲಿ ಅತ್ಯಂತ ಅನುಕೂಲವಾದದ್ದು. ನೇರಳೆ ಮಾರ್ಗದ ಮಾಗಡಿ ರಸ್ತೆ–ಮೈಸೂರು ರಸ್ತೆ ಭಾಗವು 2015ರ ನವೆಂಬರ್‌ನಲ್ಲಿ ಆರಂಭವಾಯಿತು. 2016ರ ಏಪ್ರಿಲ್ ಕೊನೆಯಲ್ಲಿ ನಗರದ ಕೇಂದ್ರಕ್ಕೆ ಸುರಂಗ ಮಾರ್ಗ ಕೂಡಿಕೊಂಡಿತು. ವಿಜಯನಗರದಿಂದ ನಾಲ್ಕನೆಯ ನಿಲ್ದಾಣ ಮೆಜೆಸ್ಟಿಕ್. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮುಂದಿನದೇ ಚಿಕ್ಕಪೇಟೆ, ಅದರಾಚೆ ಕೃಷ್ಣರಾಜೇಂದ್ರ ಮಾರುಕಟ್ಟೆ. ರಾತ್ರಿ ಅಂಗಡಿ ಮುಚ್ಚಿ, ಲೆಕ್ಕ ಮುಗಿಸಿ ಹೊರಡುವವರಿಗೆ ಇದರ ಬೆಲೆ ಗೊತ್ತು. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದ ಕಚೇರಿಯೂ ಇಲ್ಲಿಯೇ ಇದೆ. ಹಂಪಿನಗರದ ಗ್ರಂಥಾಲಯವು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಆಸರೆಯಾಗಿದೆ. ಇಕ್ಕಟ್ಟಾದ ಅಡ್ಡರಸ್ತೆಗಳು, ವಾಣಿಜ್ಯ ಬೀದಿಗಳ ಗದ್ದಲ ಇಲ್ಲಿನ ದೋಷ. ಮುಖ್ಯ ರಸ್ತೆಯಿಂದ ಎರಡು ಮೂರು ಅಡ್ಡರಸ್ತೆ ಒಳಗೆ ಹೋದರೆ ವಾತಾವರಣವೇ ಬೇರೆಯಾಗುತ್ತದೆ.

ಕೆಂಗೇರಿ: ಹೊರವಲಯದ ಊರಾಗಿದ್ದ ಕೆಂಗೇರಿಗೆ ತನ್ನದೇ ಪುರಸಭೆಯಿತ್ತು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದರೊಳಗೆ ಸೇರಿತು. 2021ರ ಆಗಸ್ಟ್‌ನಲ್ಲಿ 7.5 ಕಿ.ಮೀ. ಮೆಟ್ರೋ ವಿಸ್ತರಣೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗಿನ ವಿಸ್ತರಣೆ ಆದ ಮೇಲೆ ನಗರದ ಕೇಂದ್ರಕ್ಕೆ ನೇರ ಸಂಪರ್ಕ ದೊರೆತಿದೆ. ಮೆಜೆಸ್ಟಿಕ್ ಇಲ್ಲಿಂದ ಹದಿಮೂರನೆಯ ನಿಲ್ದಾಣ. ಮೈಸೂರು ಮಾರ್ಗದ ರೈಲು ನಿಲ್ದಾಣ, ಬಿ.ಎಂ.ಟಿ.ಸಿ. ಬಸ್ ನಿಲ್ದಾಣ, ತುಮಕೂರು ರಸ್ತೆ–ಮಾಗಡಿ ರಸ್ತೆ–ಮೈಸೂರು ರಸ್ತೆಗಳನ್ನು ಸುಂಕ ತೆತ್ತು ದಾಟುವ ನೈಸ್ ರಸ್ತೆ, ಇವೆಲ್ಲ ಒಟ್ಟಿಗೆ ಸಿಗುವುದು ಇಲ್ಲಿನ ವಿಶೇಷ. ಕುಂಬಳಗೋಡು, ಬಿಡದಿಗಳ ಉದ್ಯಮಿಗೆ ಇದು ಸಹಜ ಆಯ್ಕೆ. ಆದರೆ ‘ಕೆಂಗೇರಿ’ ಎಂಬ ಒಂದೇ ಹೆಸರಿನಡಿ ಹಳೆಯ ಊರು, ಉಪನಗರ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ಹೊಸ ಖಾಸಗಿ ಬಡಾವಣೆಗಳು ಎಲ್ಲವನ್ನೂ ಮಾರಲಾಗುತ್ತಿದೆ. ಇವುಗಳ ಸೌಕರ್ಯ, ದಾಖಲೆಗಳು ಒಂದೇ ತೆರನಾಗಿಲ್ಲ.

ನೀರು ಮತ್ತು ಗಾಳಿ

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ತಟ್ಟಿದ ನೀರಿನ ಅಭಾವವನ್ನು ಓದುಗರು ಮರೆತಿರಲಾರರು. ಕೊಳವೆ ಬಾವಿಗಳನ್ನೇ ನಂಬಿದ್ದ ಹೊರವಲಯದ ಬಡಾವಣೆಗಳು ಹೆಚ್ಚು ಬಳಲಿದವು. ಅದೇ ವರ್ಷದ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಐದನೆಯ ಹಂತವು, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ನೀರು ನಗರಕ್ಕೆ ಬರುವುದು ಒಂದು, ಅದು ನಿಮ್ಮ ತೊಟ್ಟಿಗೆ ಬೀಳುವುದು ಇನ್ನೊಂದು. ಆದ್ದರಿಂದ ಮನೆ ನೋಡಲು ಹೋದಾಗ ದಲ್ಲಾಳಿಯನ್ನು ಕೇಳುವ ಬದಲು, ಅದೇ ಬೀದಿಯ ಎರಡು ಮನೆಯವರನ್ನು ‘ಕಾವೇರಿ ಸಂಪರ್ಕ ಇದೆಯೆ, ವಾರಕ್ಕೆ ಎಷ್ಟು ದಿನ ನೀರು, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್’ ಎಂದು ವಿಚಾರಿಸಬೇಕು. ನೀರಿನ ಬಿಲ್ಲನ್ನು ಕಣ್ಣಾರೆ ನೋಡಬೇಕು. ಎಲೆಕ್ಟ್ರೋಪ್ಲೇಟಿಂಗ್ ಮುಂತಾದ ಘಟಕಗಳಿರುವ ಪ್ರದೇಶದಲ್ಲಿ ಕೊಳವೆ ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಬಳಸಬಾರದೆಂಬುದನ್ನು ಕೈಗಾರಿಕೆ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಶ್ಚಿಮ ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ಹಾದು ಬಿಡದಿಯ ಕಡೆಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ನದಿಗೆ ಸಮೀಪದ ಮನೆಯನ್ನು ನೋಡುವವರು ಹಗಲಿನಲ್ಲಿ ಒಮ್ಮೆ, ರಾತ್ರಿ ಗಾಳಿ ನಿಂತ ಹೊತ್ತಿನಲ್ಲಿ ಒಮ್ಮೆ, ಸಾಧ್ಯವಾದರೆ ಜೋರು ಮಳೆಯ ಮರುದಿನ ಇನ್ನೊಮ್ಮೆ ಹೋಗಿ ಬರುವುದು ಒಳ್ಳೆಯದು. ರಾಜಕಾಲುವೆಗೆ ತಗುಲಿದ ಮನೆ ಎಷ್ಟೇ ಅಗ್ಗವಾದರೂ ಬೇಡ.

ದಾಖಲೆ ಸರಿಯಿಲ್ಲದಿದ್ದರೆ ಉದ್ಯಮಕ್ಕೂ ಪೆಟ್ಟು

ಸಂಬಳದಾರನಿಗೆ ಮನೆ ವಾಸದ ನೆಲೆ ಮಾತ್ರ. ಸಣ್ಣ ಉದ್ಯಮಿಗೆ ಅದು ಹಲವೊಮ್ಮೆ ದುಡಿಯುವ ಬಂಡವಾಳದ ಆಧಾರವೂ ಹೌದು. ಕ್ಯಾಷ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಸೌಲಭ್ಯಕ್ಕೆ ಬ್ಯಾಂಕು ಮೊದಲು ಕೇಳುವುದು ಮನೆಯ ಪತ್ರಗಳನ್ನೇ. ಅಗ್ಗವೆಂದು ಕೊಂಡ ರೆವಿನ್ಯೂ ನಿವೇಶನವನ್ನೋ, ‘ಬಿ’ ಖಾತೆಯ ಮನೆಯನ್ನೋ ಆಧಾರವಾಗಿ ಒಪ್ಪಲು ಬಹುತೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಉದ್ಯಮಕ್ಕೆ ಹಣ ಬೇಕಾದ ದಿನ ಅಂತಹ ಮನೆ ಕೈಕೊಡುತ್ತದೆ.

ಆದ್ದರಿಂದ ಮೂಲ ಪತ್ರಗಳ ಸರಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಬಡಾವಣೆಯ ಮಂಜೂರಾದ ನಕ್ಷೆ, ಕಟ್ಟಡದ ನಕ್ಷೆ, ಸ್ವಾಧೀನಾನುಭವ ಪತ್ರ, ಕಂದಾಯದ ರಸೀದಿಗಳನ್ನು ವಕೀಲರಿಂದ ಪರಿಶೀಲಿಸಬೇಕು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. 2025ರ ಸೆಪ್ಟೆಂಬರ್ 2ರಂದು ಹಳೆಯ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಆಸ್ತಿ ಯಾವ ಪಾಲಿಕೆಯ ವ್ಯಾಪ್ತಿಗೆ ಸೇರುತ್ತದೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಇರುವ ಒಂದೇ ಮನೆಯನ್ನು ಅಡವಿಡುವ ಮೊದಲು ಇನ್ನೊಂದು ದಾರಿಯನ್ನೂ ವಿಚಾರಿಸಬಹುದು. 2000ದಲ್ಲಿ ಸ್ಥಾಪನೆಯಾದ ಸಾಲ ಖಾತರಿ ನಿಧಿ ಟ್ರಸ್ಟಿನ ಮೂಲಕ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಆಧಾರರಹಿತ ಸಾಲ ದೊರೆಯುತ್ತದೆ. 2025ರ ಏಪ್ರಿಲ್ 1ರಿಂದ ಇದರ ಖಾತರಿಯ ಮಿತಿಯನ್ನು 5 ಕೋಟಿಯಿಂದ 10 ಕೋಟಿ ರೂಪಾಯಿಗೆ ಏರಿಸಲಾಗಿದೆ. ಉದ್ಯಮದ ಏರಿಳಿತವು ಮನೆಯ ಬಾಗಿಲಿಗೆ ಬಾರದಂತೆ ನೋಡಿಕೊಳ್ಳುವುದೂ ಕುಟುಂಬದ ಹಿತವೇ.

ಮೊದಲು ಬಾಡಿಗೆ, ಆಮೇಲೆ ಖರೀದಿ

ಕೊಂಡ ಮೇಲೆ ಮನಸ್ಸು ಬದಲಿಸಿದರೆ ತೆರಬೇಕಾದ ಬೆಲೆ ದೊಡ್ಡದು. ಕರ್ನಾಟಕದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ ಮತ್ತು ಸರ್ಚಾರ್ಜ್ ಸೇರಿಸಿದರೆ ನಗರದಲ್ಲಿ ಒಟ್ಟು ಶೇ. 7.6 ಆಗುತ್ತದೆ. 1 ಕೋಟಿ ರೂಪಾಯಿಯ ಮನೆಗೆ ಈ ಬಾಬು 7.60 ಲಕ್ಷ ರೂಪಾಯಿ. ಎರಡು ವರ್ಷಗಳಲ್ಲಿ ಮಾರಿದರೂ ಈ ಹಣ ಹಿಂದಿರುಗುವುದಿಲ್ಲ. ಅದೇ ಹಣದಲ್ಲಿ ತಿಂಗಳಿಗೆ 30,000 ರೂಪಾಯಿಯ ಬಾಡಿಗೆ ಮನೆಯಲ್ಲಿ 25 ತಿಂಗಳು ಇದ್ದು ನೋಡಬಹುದು. ಒಂದು ಶಾಲಾ ವರ್ಷ, ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೆ ಬಡಾವಣೆಯ ಗುಣದೋಷಗಳು ತಾವಾಗಿಯೇ ತಿಳಿಯುತ್ತವೆ.

ಅಷ್ಟು ಕಾಲಾವಕಾಶ ಇಲ್ಲದವರು ಕನಿಷ್ಠ ಇಷ್ಟನ್ನಾದರೂ ಮಾಡಬಹುದು. ಕೆಲಸದ ದಿನವೊಂದರ ಬೆಳಿಗ್ಗೆ ಎಂಟಕ್ಕೆ ಆ ಮನೆಯಿಂದ ಶಾಲೆಗೆ, ಶಾಲೆಯಿಂದ ಉದ್ಯಮದ ಸ್ಥಳಕ್ಕೆ ಗಡಿಯಾರ ಹಿಡಿದು ಹೋಗಿ ನೋಡುವುದು. ನಿಲ್ದಾಣದಿಂದ ಮನೆಗೆ ರಾತ್ರಿ ಒಂಬತ್ತರ ಮೇಲೆ ನಡೆದು ನೋಡುವುದು. ಬೀದಿದೀಪ, ಕಾಲುದಾರಿ, ತೆರೆದಿರುವ ಅಂಗಡಿಗಳನ್ನು ಗಮನಿಸುವುದು. ಮನೆಯ ಹೆಣ್ಣುಮಕ್ಕಳಿಗೆ ಒಬ್ಬರೇ ಓಡಾಡಲು ಹಿತವೆನಿಸುವುದೇ ಎಂದು ಅವರನ್ನೇ ಕರೆದೊಯ್ದು ಕೇಳುವುದು. ಹತ್ತಿರದ ಬಸ್ ನಿಲ್ದಾಣಕ್ಕೆ ಎಷ್ಟು ಬಸ್ಸುಗಳಿವೆ ಎಂದು ಎಣಿಸುವುದು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ಬಸ್ಸು ಬರುವ ಬಡಾವಣೆಯವರಿಗೆ ಮಾತ್ರ ಉಪಯುಕ್ತವಷ್ಟೆ. ಮೆಟ್ರೋ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿಗೆ ಏರಿದ್ದು ದೂರದಿಂದ ನಿತ್ಯ ಬರುವವರ ತಿಂಗಳ ಖರ್ಚನ್ನು ಹೆಚ್ಚಿಸಿತು.

ಪೇಟೆಯ ವರ್ತಕನಿಗೆ ವಿಜಯನಗರ, ಪೀಣ್ಯದ ಉದ್ಯಮಿಗೆ ರಾಜಾಜಿನಗರ, ಚಿಕ್ಕ ಮಕ್ಕಳಿರುವ ಮನೆಗೆ ಬಸವೇಶ್ವರನಗರ, ಮೈಸೂರು ರಸ್ತೆಯ ಕಾರ್ಖಾನೆದಾರನಿಗೆ ಕೆಂಗೇರಿ ಎಂದು ಸ್ಥೂಲವಾಗಿ ಹೇಳಬಹುದಾದರೂ, ಅಂತಿಮ ನಿರ್ಧಾರಕ್ಕೆ ಬೇಕಾದ ಲೆಕ್ಕದ ಪುಸ್ತಕ ಪ್ರತಿಯೊಬ್ಬರ ಮನೆಯಲ್ಲಿಯೇ ಇದೆ. ಒಂದು ಹಾಳೆಯಲ್ಲಿ ಮನೆಯ ಎಲ್ಲರ ಹೆಸರು, ಅವರು ನಿತ್ಯ ಹೋಗುವ ಜಾಗ, ತಗುಲುವ ನಿಮಿಷಗಳನ್ನು ಬರೆಯಿರಿ. ಯಜಮಾನನ ಹೆಸರನ್ನು ಕೊನೆಯಲ್ಲಿ ಬರೆಯಿರಿ. ಸರಕು ಕೊಳ್ಳುವಾಗ ನಾಲ್ಕು ಕಡೆ ದರ ವಿಚಾರಿಸುವ ನಾವು, ಮನೆ ಕೊಳ್ಳುವಾಗ ಮನೆಯ ನಾಲ್ವರನ್ನಾದರೂ ವಿಚಾರಿಸಬೇಕು.